ಮಾವ ಹೊಲಿದ ಸೀಟು

ಶಿರಾದ ಹಳೇ ಹೈವೇ ಪಕ್ಕದ ತಗಡಿನ ಶೆಡ್ಡಿನಲ್ಲಿ ಶಫೀವುಲ್ಲಾ ಸಾಬರು ಗಾಡಿಗಳ ಸೀಟು ಹೊಲಿಯುತ್ತಾರೆ. ಹೊಲಿಯುತ್ತ ಹೊಲಿಯುತ್ತಲೇ ಅವರ ಗಡ್ಡ ಬೆಳ್ಳಗಾಯಿತು, ಮಗ ಅಜರ್‌ನ ಓದು ಮುಗಿಯಿತು, ಮದುವೆಯಾಯಿತು, ಮನೆಯೊಳಗೆ ಓಡಾಡಲು ಸುಮಯ್ಯ ಎಂಬ ಮೊಮ್ಮಗಳೂ ಬಂದಳು. ಪಾವಗಡದ ಕಡೆಯ ಲಾರಿಯಾಗಲಿ, ಗೊರವನಹಳ್ಳಿಗೆ ಜನ ತುಂಬಿಕೊಂಡು ಹೋಗುವ ಮ್ಯಾಕ್ಸಿಕ್ಯಾಬಾಗಲಿ, ಮದಲೂರಿನ ಟ್ರ್ಯಾಕ್ಟರಾಗಲಿ, ಸೀಟು ಹರಿದರೆ ಮೊದಲು ನೆನಪಾಗುವುದು ಈ ಶೆಡ್ಡು. ಸಾಬರ ಕೈಯ ಸೀಟಿನ ಮೇಲೆ ಕೂತರೆ ಪುಣೆ ಮುಟ್ಟುವವರೆಗೂ ಸೊಂಟ ಹಿಡಿಯುವುದಿಲ್ಲ ಎಂದು ಡ್ರೈವರುಗಳು ಹೇಳುತ್ತಿದ್ದರು. ಆ ಮಾತು ಬಿಟ್ಟರೆ ಅವರಿಗೆ ಬೇರೆ ಬೋರ್ಡು ಇರಲಿಲ್ಲ.

ಅಂಥವರ ಮನೆಗೇ ಒಂದು ಕಾರು ಬಂತು. ಬಂದದ್ದು ಸೊಸೆ ತರನ್ನುಮ್‌ಗಾಗಿ.

ತರನ್ನುಮ್ ಬೆಂಗಳೂರಿನಲ್ಲಿ ಓದಿ ಬೆಳೆದವಳು. ಈಗ ಮಧುಗಿರಿಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದಳು. ಸುಮಯ್ಯಳನ್ನೂ ಅಲ್ಲೇ ನರ್ಸರಿಗೆ ಹಾಕಿದ್ದರಿಂದ ದಿನವೂ ಮಗುವನ್ನು ಎತ್ತಿಕೊಂಡು ಬಸ್ಸಿನಲ್ಲಿ ನೂಕಾಡಬೇಕಿತ್ತು. ಮೊದಲೇ ಅವಳದು ಹೆದರುವ ಜೀವ. ಮಗುವಿಗೆ ದ್ರಾಕ್ಷಿ ಕೊಟ್ಟರೂ ಸೀಳಿ ಕೊಡುವವಳು, ಮಗು ನಿದ್ದೆಯಲ್ಲಿ ಸದ್ದು ಮಾಡದಿದ್ದರೆ ಮೂಗಿನ ಹತ್ತಿರ ಬೆರಳಿಟ್ಟು ನೋಡುವವಳು. ಬಸ್ಸಿನ ಬಾಗಿಲಲ್ಲಿ ಜೋತಾಡುವ ಜನರನ್ನು ನೋಡಿ ನೋಡಿ ಅವಳಿಗೆ ಊಟ ಸೇರದಂತಾಯಿತು. ಕೊನೆಗೆ ಅಜರ್ ಎಲ್ಲಿಯೋ ಹುಡುಕಿ ಒಂದು ಸೆಕೆಂಡ್ ಹ್ಯಾಂಡ್ ಕಾರು ತಂದ. ಅವನು ಫ್ಯಾಕ್ಟರಿಗೆ ಹೋಗುವುದು ಕಂಪನಿ ಬಸ್ಸಿನಲ್ಲಿ. ಹಾಗಾಗಿ ಕಾರು ಪೂರ್ತಿ ಅವಳದೇ.

ಬೆಂಗಳೂರಿನ ಡ್ರೈವಿಂಗ್ ಶಾಲೆಯಲ್ಲಿ ಕಲಿತಿದ್ದೆಲ್ಲ ಅವಳಿಗೆ ಪಾಠದಂತೆ ಬಾಯಿಗೆ ಬರುತ್ತಿತ್ತು. ಸೊಂಟ ಸೀಟಿನ ಮೂಲೆಗೆ ಒತ್ತಿಕೊಂಡಿರಬೇಕು. ಕ್ಲಚ್ಚು ತಳ ಮುಟ್ಟುವಂತೆ ತುಳಿದಾಗಲೂ ಮಂಡಿ ಸ್ವಲ್ಪ ಬಾಗಿರಬೇಕು. ಬೆನ್ನು ಎತ್ತದೆ ಕೈ ಚಾಚಿದರೆ ಮಣಿಕಟ್ಟು ಸ್ಟೇರಿಂಗಿನ ನೆತ್ತಿಯ ಮೇಲೆ ಕೂರಬೇಕು. ಹಿಮ್ಮಡಿ ನೆಲ ಬಿಡಬಾರದು. ಕಾರು ಬಂದ ದಿನ ಹಳೆಯ ಸೀಟನ್ನು ಹಿಂದೆ ಮುಂದೆ ಜರುಗಿಸಿ ಹೀಗೆಲ್ಲ ಕೂತು ನೋಡಿದಳು, ಸರಿಯಾಗಿಯೇ ಇತ್ತು. ಸೀಟಿನ ಬಟ್ಟೆ ಮಾತ್ರ ಹರಿದು ಫೋಮು ಹೊರಗೆ ಇಣುಕುತ್ತಿತ್ತು.

"ನನ್ನ ಸೊಸೆ ಹರ್ಕಲು ಸೀಟಲ್ಲಿ ಕೂತು ಮಧುಗಿರೀಗೆ ಹೋಗೋದಾ? ಊರೋರು ಏನಂತಾರೆ?" ಎಂದರು ಸಾಬರು. ಬಂದ ಗಿರಾಕಿಗಳನ್ನೆಲ್ಲ ನಾಳೆ ಬನ್ನಿ, ನಾಡಿದ್ದು ಬನ್ನಿ ಎಂದು ಕಳಿಸಿ ಆ ಕಾರಿನ ಮೇಲೆಯೇ ಕೂತರು. ಹೊಸ ಫೋಮು, ದಪ್ಪ ದಪ್ಪದ್ದು. ಮೇಲೆ ದಾಳಿಂಬೆ ಬಣ್ಣದ ಮೆತ್ತನೆ ಬಟ್ಟೆ, ಅಂಚಿಗೆಲ್ಲ ಚಿನ್ನದ ಬಣ್ಣದ ಪೈಪಿಂಗು, ಕೆಳಗೆ ಸೀಟಿನ ಕಾಲು ಕಾಣದ ಹಾಗೆ ನೆರಿಗೆ ನೆರಿಗೆಯ ಝಾಲರು. ಕೆಲಸ ಮುಗಿದ ಸಂಜೆ ಬೀದಿಯವರೆಲ್ಲ ಮದುವೆ ಮನೆಗೆ ಬಂದ ಹಾಗೆ ಬಂದು ನೋಡಿದರು. ಸಾಬರು ಬಾಗಿಲು ತೆಗೆದು ದೂರ ಸರಿದು ನಿಂತರು. ಸೊಸೆಯ ಎದುರು ಅವರ ನಡೆ ಯಾವಾಗಲೂ ಹಾಗೆಯೇ. ಅವಳಿರುವ ಕಡೆ ಬರುವ ಮುನ್ನ ಕೆಮ್ಮುತ್ತಾರೆ, ಮಾತಾಡುವಾಗ ನೆಲ ನೋಡುತ್ತಾರೆ.

ತರನ್ನುಮ್ ದುಪಟ್ಟಾ ಸರಿ ಮಾಡಿಕೊಂಡು ಹತ್ತಿ ಕೂತಳು. ಕೂತ ತಕ್ಷಣ ಗೊತ್ತಾಯಿತು. ಗಿಡ್ಡ ಮೈಯ ಅವಳನ್ನು ಸೀಟು ಮೇಲಕ್ಕೆತ್ತಿ ಕಾಲುಗಳನ್ನು ಗಾಳಿಯಲ್ಲಿ ಬಿಟ್ಟಿತ್ತು. ಬೆನ್ನಿನ ಫೋಮು ಉಬ್ಬಿ ಅವಳನ್ನು ಮುಂದಕ್ಕೆ ದೂಡುತ್ತಿತ್ತು. ಸೀಟಿನ ಅಂಚು ಮಂಡಿಯ ಹಿಂದೆ ಒತ್ತುತ್ತಿತ್ತು.

"ಹೆಂಗಿದೆ ಬೇಟಿ?" ಎಂದರು ಸಾಬರು, ನೆಲ ನೋಡುತ್ತ.

ಬೀದಿಯವರೆಲ್ಲ ಅವಳ ಬಾಯಿಯನ್ನೇ ನೋಡುತ್ತಿದ್ದರು.

"ಸೋಫಾ ಥರ ಇದೆ, ಅಬ್ಬಾ," ಎಂದಳು ಮಾವನಿಗೆ.

ಆ ಒಂದು ಮಾತು ಸಾಕಾಯಿತು. ಮರುದಿನದಿಂದ ಶೆಡ್ಡಿಗೆ ಬಂದವರಿಗೆಲ್ಲ ಚಹಾದ ಜೊತೆ ಅದೂ ಸಿಗತೊಡಗಿತು. "ನಮ್ಮ ಸೊಸೆ ಎಂಎ ಓದವ್ಳೆ. ಸೋಫಾ ಥರ ಐತೆ ಅಂದ್ಬುಟ್ಲು!"

ಸೋಫಾದ ಮೇಲೆ ಕೂತು ಕಾರು ಓಡಿಸುವುದು ಹೇಗೆ ಎಂದು ತರನ್ನುಮ್ ದಿನವೂ ಕಲಿಯುತ್ತ ಹೋದಳು. ಒರಗಿ ಕೂತರೆ ಕ್ಲಚ್ಚು ಸಿಗದು. ಸೀಟನ್ನು ಮುಂದಕ್ಕೆಳೆದರೆ ಸ್ಟೇರಿಂಗು ಹೊಟ್ಟೆಗೆ ತಾಗುವುದು. ಕೊನೆಗೆ ಸೀಟಿನ ತುದಿಗೆ ಬಂದು, ಬೆನ್ನಿಗೆ ಆಸರೆಯಿಲ್ಲದೆ, ಸ್ಟೇರಿಂಗನ್ನು ತಬ್ಬಿಕೊಂಡ ಹಾಗೆ ಓಡಿಸುವುದೇ ಅಭ್ಯಾಸವಾಯಿತು. ಮಧುಗಿರಿ ಮುಟ್ಟುವಷ್ಟರಲ್ಲಿ ಕಾಲು ಜೋಮು ಹಿಡಿದು, ಇಳಿದು ಸ್ವಲ್ಪ ಹೊತ್ತು ಬಾಗಿಲು ಹಿಡಿದು ನಿಲ್ಲಬೇಕಾಗುತ್ತಿತ್ತು. ಗಂಡನಿಗೆ ಹೇಳಿದಳು.

"ನಂಗೇನೂ ಅನ್ಸಲ್ವಲ್ಲ, ಚೆನ್ನಾಗೇ ಇದೆ," ಎಂದ ಅಜರ್. ಅವನು ಬಾಗಿಲಿಗೆ ತಲೆ ತಗ್ಗಿಸಿ ಬರುವಷ್ಟು ಉದ್ದ. "ಅಬ್ಬಾಗೆ ಮಾತ್ರ ಹೇಳ್ಬೇಡ ಮಾರಾಯ್ತಿ. ಊರಿಗೆಲ್ಲ ಹೇಳ್ಕೊಂಡು ಓಡಾಡ್ತಿದಾರೆ. ಸ್ವಲ್ಪ ದಿನ ಅಡ್ಜಸ್ಟ್ ಮಾಡ್ಕೊ, ಫೋಮು ತಾನೇ ಕೂತ್ಕೊಳ್ಳುತ್ತೆ."

ಫೋಮು ಕೂರಲಿಲ್ಲ. ಸಾಬರು ತಂದು ಹಾಕಿದ್ದ ಮಾಲು ಅಷ್ಟು ಗಟ್ಟಿ.

ಒಂದು ಬೆಳಿಗ್ಗೆ ಬಡವನಹಳ್ಳಿ ದಾಟಿದ ಮೇಲೆ ಕುರಿಮಂದೆ ರಸ್ತೆಗೆ ನುಗ್ಗಿತು. ತರನ್ನುಮ್ ಬ್ರೇಕ್ ತುಳಿದಳು. ನೆಲ ಮುಟ್ಟದ ಹಿಮ್ಮಡಿ ಜಾರಿ ಪಾದ ಪೆಡಲ್ಲಿನ ಅಂಚಿಗೆ ಹೋಯಿತು, ಕಾರು ನಿಲ್ಲದೆ ಮುಂದಕ್ಕೆ ಹೋಯಿತು. ಎರಡನೇ ಸಲ ಅವಳು ಸೀಟಿನಿಂದ ಪೂರ್ತಿ ಎದ್ದು ನಿಂತ ಹಾಗೆ ತುಳಿದಾಗ ಕಾರು ಕುಪ್ಪಳಿಸಿ ನಿಂತಿತು. ಬಂಪರಿಗೆ ಮೂತಿ ತಾಗುವಷ್ಟು ಹತ್ತಿರ ಒಂದು ಕುರಿ ಅವಳನ್ನೇ ನೋಡುತ್ತ ನಿಂತಿತ್ತು. ಹಿಂದೆ ಧಪ್ಪೆಂದು ಸದ್ದಾಯಿತು. ಕೂರು ಎಂದು ಎಷ್ಟು ಹೇಳಿದರೂ ನಿಂತೇ ಇರುತ್ತಿದ್ದ ಸುಮಯ್ಯ ಮುಂದಿನ ಸೀಟಿನ ಬೆನ್ನಿಗೆ ಬಂದು ಬಡಿದಿದ್ದಳು.

ಕುರಿಯವನು ಕಿಟಕಿಗೆ ಬಗ್ಗಿದ. "ಏನವ್ವೋ, ಕಾವಿಗೆ ಕೂತ ಕೋಳಿ ಥರ ಕೂತಿದ್ದೀಯಲ್ಲ! ನೆಟ್ಟಗೆ ಕುಂತು ಓಡ್ಸಕ್ಕಾಗಕಿಲ್ವಾ? ಹಿಂದೆ ಮಗೀನ ಬೇರೆ ಇಟ್ಕಂಡು!"

ಅವಳು ಹಿಂದೆ ತಿರುಗಿ ಮಗುವಿನ ಹಲ್ಲು, ತುಟಿ, ಹಣೆ ಎಲ್ಲ ತಡವಿ ನೋಡಿದಳು. ಒಂದು ಗೀರೂ ಇರಲಿಲ್ಲ.

"ನೋವಾಗ್ಲಿಲ್ಲ ಮಮ್ಮಿ. ದಾದಾನ ಸೀಟು ಮೆತ್ತಗಿದೆ," ಎಂದಳು ಸುಮಯ್ಯ.

ಆ ದಿನ ಪಾಠ ಹೇಗೆ ಮಾಡಿದಳೋ ಅವಳಿಗೇ ತಿಳಿಯದು. ಕಾಲೇಜು ಬಿಟ್ಟ ಕೂಡಲೇ, ಮಗುವನ್ನು ಕೂರಿಸಿಕೊಂಡು ಮಧುಗಿರಿಯಲ್ಲೇ ಒಂದು ಕುಷನ್ ಅಂಗಡಿ ಹುಡುಕಿಕೊಂಡು ಹೋದಳು. ಹೊಲಿಗೆ ಬಿಚ್ಚಿ, ಒಳಗಿನ ಫೋಮು ಕತ್ತರಿಸಿ, ಮತ್ತೆ ಹಾಗೆಯೇ ಹೊಲಿದುಬಿಟ್ಟರೆ ಮೇಲಿಂದ ನೋಡಿದವರಿಗೆ ಗೊತ್ತಾಗುವುದಿಲ್ಲ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದಳು.

ಅಂಗಡಿಯ ರೇಣುಕಯ್ಯ ವಿಭೂತಿ ಹಚ್ಚಿದ, ಮಾತುಗಾರ ಮನುಷ್ಯ. ಬಾಗಿಲು ತೆಗೆದು ಸೀಟಿನ ಅಂಚಿನ ಮೇಲೆ ಹೆಬ್ಬೆರಳು ಓಡಿಸಿದ. ಝಾಲರು ಎತ್ತಿ ಮೂಲೆ ನೋಡಿದ.

"ಇದು ಶಿರಾದ ಶಫಿ ಸಾಬ್ರ ಕೈ ಅಲ್ವಾ ಮೇಡಮ್? ಮೂಲೇಲಿ ಪೈಪಿಂಗ್ ಹಿಂಗೆ ಮಡಚೋದು ಅವ್ರೊಬ್ರೇ."

"ನಂಗೊತ್ತಿಲ್ಲ," ಎಂದಳು ತರನ್ನುಮ್. ಮಾತು ತಾನಾಗಿ ಹೊರಬಿದ್ದಿತ್ತು. "ಸೆಕೆಂಡ್ ಹ್ಯಾಂಡ್ ಗಾಡಿ. ಮೊದಲಿನವರು ಯಾರೋ ಹಾಕಿಸಿದ್ದು."

"ದಾರ ಹೊಸದಾಗೇ ಐತಲ್ಲ." ರೇಣುಕಯ್ಯ ಕತ್ತರಿ ತೆಗೆಯಲಿಲ್ಲ, ಫೋನ್ ತೆಗೆದ. "ತಪ್ಪು ತಿಳ್ಕೋಬೇಡಿ. ನಮ್ಮ ಕಸುಬಲ್ಲಿ ಒಬ್ಬರ ಹೊಸಾ ಸೀಟಿಗೆ ಇನ್ನೊಬ್ರು ಅವ್ರನ್ನ ಕೇಳ್ದೆ ಕತ್ತರಿ ಹಾಕಂಗಿಲ್ಲ. ಒಂದು ಮಾತು ಕೇಳ್ಬುಡ್ತೀನಿ, ಅಷ್ಟೆ."

ಬೇಡ ಎನ್ನಲು ಅವಳು ಬಾಯಿ ತೆಗೆಯುವಷ್ಟರಲ್ಲಿ ಆ ಕಡೆ ಫೋನ್ ಎತ್ತಿಯಾಗಿತ್ತು. ಸ್ಪೀಕರಿನಲ್ಲಿ ಹೊಲಿಗೆ ಮೆಷಿನ್ನಿನ ಸದ್ದು ಕೇಳಿಸಿತು, ನಿಂತಿತು. "ಏನ್ರೀ ರೇಣುಕಯ್ಯ?"

"ಸಾಬ್ರೇ, ನಿಮ್ಮ ಕೈ ಸೀಟು ಒಂದು ಬಂದೈತೆ. ದಾಳಿಂಬ್ರೆ ಕಲರು, ಗೋಲ್ಡ್ ಪೈಪಿಂಗು. ಫೋಮು ತೆಗೀಬೇಕಂತೆ. ಯಾರೋ ಮೇಡಮ್ಮು—"

"ದಾದಾ!" ಎಂದು ಕೂಗಿದಳು ಸುಮಯ್ಯ, ತಾತನ ದನಿ ಗುರುತು ಹಿಡಿದು. "ದಾದಾ, ನಾನು! ನಾವು ಇಲ್ಲಿದೀವಿ!"

ರೇಣುಕಯ್ಯ ತರನ್ನುಮ್‌ಳನ್ನು ನೋಡಿದ. ಅವಳು ಕಾರಿನ ಚಕ್ರ ನೋಡುತ್ತಿದ್ದಳು.

"ಹೂಂ, ನಮ್ಮ ಸೊಸೆ," ಎಂದರು ಸಾಬರು ಕೊನೆಗೆ, ಬಹಳ ಮೆಲ್ಲಗೆ. "ನಾನೇ ಕಳ್ಸಿದ್ದು. ಈಚೆಗೆ ನಂದು ಕೈ ನಡುಗ್ತದೆ ರೇಣುಕಯ್ಯ, ಕೆಲಸ ಸರಿ ಬರ್ಲಿಲ್ಲ. ನೀವೇ ಮಾಡ್ಕೊಡಿ. ಅವ್ಳು ಹೆಂಗೇಳ್ತಾಳೋ ಅಂಗೆ."

ಫೋನ್ ಇಟ್ಟ ಮೇಲೆ ರೇಣುಕಯ್ಯನ ಮುಖ ಮೆತ್ತಗಾಯಿತು. "ಅಯ್ಯೋ ಪಾಪ. ಮಾವನ ಕೈ ನಡುಗ್ತದೆ ಅಂತ ಹೊರಗಿನವ್ರತ್ರ ಹೆಂಗೆ ಹೇಳ್ಕಳದು ಅಂತ್ಲೇ ಸೀಟು ಯಾರ್ದೋ ಗೊತ್ತಿಲ್ಲ ಅಂದ್ರಾ ನೀವು? ದೊಡ್ಡ ಮನಸು ಕಣಮ್ಮ ನಿಮ್ಮದು." ಪಕ್ಕದ ಪಂಕ್ಚರ್ ಅಂಗಡಿಯವನನ್ನೂ ಕರೆದು ಹೇಳಿದ. "ಎಂಥಾ ಕೈ ಲೇ ಅದು! ವಯಸ್ಸು ಯಾರನ್ನ ಬಿಟ್ಟೈತೆ ಹೇಳು."

ಕೈ ನಡುಗುವುದಿಲ್ಲ, ಅವರ ಕೈಗೆ ಏನೂ ಆಗಿಲ್ಲ, ನಾನೇ ಕದ್ದು ಬಂದೆ ಎನ್ನಬೇಕಿತ್ತು. ಅವಳು ಅನ್ನಲಿಲ್ಲ. ರೇಣುಕಯ್ಯ ಅವಳನ್ನು ಕೂರಿಸಿ, ಇಳಿಸಿ, ಮತ್ತೆ ಕೂರಿಸಿ, ಫೋಮು ಕತ್ತರಿಸಿದ. ಕತ್ತಲಾಗುವ ಮೊದಲೇ ಕೆಲಸ ಮುಗಿಯಿತು. ಹಿಮ್ಮಡಿ ನೆಲ ಮುಟ್ಟಿತು, ಬೆನ್ನು ಒರಗಿತು, ಕ್ಲಚ್ಚು ತಳಕ್ಕೆ ಹೋದಾಗಲೂ ಮಂಡಿ ಬಾಗಿಯೇ ಇತ್ತು. ಕಾರು ಅಷ್ಟು ಹಗುರವಾಗಿ ಯಾವತ್ತೂ ಓಡಿರಲಿಲ್ಲ. ಅಷ್ಟು ಸುಖವಾಗಿ ಕೂತಿದ್ದಕ್ಕೇ ದಾರಿಯುದ್ದಕ್ಕೂ ಅವಳ ಮುಖ ಉರಿಯುತ್ತಿತ್ತು.

ಮನೆಯ ಮುಂದೆ ಕಾರು ನಿಲ್ಲಿಸಿದಾಗ ಸಾಬರು ಶೆಡ್ಡಿನ ಬಾಗಿಲು ಹಾಕುತ್ತಿದ್ದರು. ಕಾರಿನ ಕಡೆ ನೋಡಲಿಲ್ಲ. "ಲೇಟಾಯ್ತಲ್ಲ ಬೇಟಿ. ಮಗು ಏನಾದ್ರೂ ತಿಂತಾ?" ಎಂದರು. ಅಷ್ಟೇ. ಅತ್ತೆ ಅಮೀರ್ ಬಿಗೂ ಅವರು ಏನೂ ಹೇಳಿಲ್ಲ ಎಂಬುದು ಊಟಕ್ಕೆ ಕೂತಾಗ ತಿಳಿಯಿತು. ಬೈದಿದ್ದರೆ ಅಳಬಹುದಿತ್ತು, ತಪ್ಪಾಯಿತು ಎನ್ನಬಹುದಿತ್ತು. ಅವರು ರೊಟ್ಟಿ ಮುರಿದು ಮೊಮ್ಮಗಳ ಬಾಯಿಗಿಡುತ್ತಿದ್ದರು.

ಡ್ರೈವರುಗಳ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಮಧುಗಿರಿಯಲ್ಲಿ ಹೊರಟದ್ದು ಕೊರಟಗೆರೆ ಸುತ್ತಿ ಪಾವಗಡ ಮುಟ್ಟಿ ಶಿರಾಕ್ಕೆ ವಾಪಸು ಬಂತು. ಶೆಡ್ಡಿನ ಮುಂದೆ ನಿಲ್ಲುತ್ತಿದ್ದ ಗಾಡಿಗಳು ಕಡಿಮೆಯಾದವು. "ಯಾರ ಕಣ್ಣು ಬಿತ್ತೋ ಏನೋ, ಬೆಳಗಿಂದ ಒಬ್ಬ ಗಿರಾಕಿ ಇಲ್ಲ," ಎಂದು ಅಮೀರ್ ಬಿ ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದಳು. ಘಾಟಿಗೆ ತರನ್ನುಮ್ ಕೆಮ್ಮಿದಳು. ಒಂದು ದಿನ ಅಜರ್ ಕಂಪನಿ ಬಸ್ಸಿನ ಡ್ರೈವರಿನಿಂದ ಸುದ್ದಿ ಕೇಳಿಕೊಂಡು ಗಾಬರಿಯಾಗಿ ಬಂದ.

"ಅಬ್ಬಾ, ಕೈ ನಡುಗುತ್ತಂತೆ? ನಮಗ್ಯಾಕೆ ಹೇಳ್ಲಿಲ್ಲ? ತುಮಕೂರಿಗೆ ಹೋಗಿ ತೋರ್ಸೋಣ."

"ಏನಿಲ್ಲ ಬಿಡೋ. ಜನಕ್ಕೆ ಮಾತು ಬೇಕು."

"ಎಲ್ಲಿ, ಕೈ ಚಾಚಿ ನೋಡೋಣ."

"ಬಿಡು ಅಂದ್ನಲ್ಲ," ಎಂದು ಸಾಬರು ಎದ್ದು ಹೋದರು. ಸಾರು ಬಡಿಸುತ್ತಿದ್ದ ತರನ್ನುಮ್ ಸೌಟನ್ನು ಪಾತ್ರೆಗೆ ಹಾಕುವ ಬದಲು ತಟ್ಟೆಯ ಪಕ್ಕಕ್ಕೆ ಇಟ್ಟಳು. ಆಗಲಾದರೂ ಹೇಳಬಹುದಿತ್ತು. ನಾಳೆ ಹೇಳುತ್ತೇನೆ ಎಂದುಕೊಂಡಳು. ಮೊದಲು ಅಬ್ಬಾಗೆ ಒಬ್ಬರಿಗೇ ಹೇಳಿಕೊಂಡು ಆಮೇಲೆ ಉಳಿದವರಿಗೆ ಎಂದುಕೊಂಡಳು. ಅವರೊಬ್ಬರೇ ಇರುವಾಗ ಸೊಸೆ ಶೆಡ್ಡಿಗೆ ಹೋಗಿ ನಿಲ್ಲುವುದು ಆ ಮನೆಯಲ್ಲಿ ಇರಲಿಲ್ಲ. ಅದೇ ಅವಳಿಗೆ ನೆಪವಾಯಿತು.

ಭಾನುವಾರ ಬೆಳಿಗ್ಗೆ ಮದಲೂರಿನ ಮಹಾಲಿಂಗಯ್ಯ ಟೆಂಪೋ ತಂದು ನಿಲ್ಲಿಸಿದ. ಸಾಬರ ಹಳೆಯ ಗಿರಾಕಿ, ಭಾರಿ ಆಳು, ದನಿಯೂ ಅಷ್ಟೇ ಭಾರಿ. ಅವನ ಜೊತೆ ಇನ್ನಿಬ್ಬರು ಡ್ರೈವರುಗಳಿದ್ದರು. ಶೆಡ್ಡಿಗೂ ಅಡುಗೆಮನೆಗೂ ನಡುವೆ ಒಂದು ಕಿಟಕಿ ಮಾತ್ರ.

"ಸಾಬ್ರೇ, ಬೇಜಾರ್ ಮಾಡ್ಕಬ್ಯಾಡಿ. ಸೀಟು ಬಿಚ್ಕಂಡ್ ಬಂದಿವ್ನಿ. ಆದ್ರೆ ಎಲ್ರೂ ಏನೇನೋ ಅಂತಾವ್ರೆ. ಕೈ ಹೆಂಗೈತೆ?"

"ಕೈ ಇದ್ದಂಗೇ ಐತೆ."

"ಮತ್ತೆ ಸ್ವಂತ ಸೊಸೆ ಸೀಟೇ ಮಧುಗಿರೀಗೆ ಕಳ್ಸಿದ್ರಂತೆ? ಸೋಫಾ ಸೋಫಾ ಅಂತಿದ್ರಿ!"

ಜೊತೆಯವರು ನಕ್ಕರು. ಸಾಬರೂ ನಕ್ಕ ಸದ್ದು ಕೇಳಿಸಿತು. "ವಯಸ್ಸಾಯ್ತಪ್ಪ. ಬೇಕಾದ್ರೆ ನೀನೂ ರೇಣುಕಯ್ಯನತ್ರ ಹೋಗು, ನಂಗೇನೂ ಬೇಜಾರಿಲ್ಲ."

ಆ ನಗು ಕೇಳಿ ತರನ್ನುಮ್‌ಗೆ ತಡೆಯಲಾಗಲಿಲ್ಲ. ಹಿಟ್ಟಿನ ಕೈಯಲ್ಲೇ ದುಪಟ್ಟಾ ತಲೆಗೆಳೆದುಕೊಂಡು ಹಿತ್ತಿಲ ಬಾಗಿಲಿಂದ ಶೆಡ್ಡಿಗೆ ಬಂದಳು. ಗಂಡಸರು ಮಾತು ನಿಲ್ಲಿಸಿದರು. ಸಾಬರು ಅಭ್ಯಾಸದಂತೆ ನೆಲ ನೋಡಿದರು.

"ಅಬ್ಬಾ ಕೈ ನಡುಗಲ್ಲ," ಎಂದಳು. ದನಿ ಅವಳದೇ ನಡುಗುತ್ತಿತ್ತು. "ಅವರು ಕಳಿಸಲೂ ಇಲ್ಲ. ನಾನೇ ಹೇಳದೆ ಕೇಳದೆ ಹೋಗಿದ್ದೆ. ಸೀಟು ನಂಗೆ ಎತ್ತರ ಆಗಿತ್ತು, ಕಾಲು ಎಟುಕ್ತಿರಲಿಲ್ಲ. ಅದನ್ನ ಹೇಳೋಕೆ ಧೈರ್ಯ ಆಗದೆ ಹೋದೆ. ಅಲ್ಲಿ ಸಿಕ್ಕಿಬಿದ್ದಾಗ, ನನ್ನ ಮರ್ಯಾದೆ ಉಳೀಲಿ ಅಂತ ಅವರು ಹಾಗೆ ಹೇಳಿದ್ದು."

ಹಿಂದೆಯೇ ಬಂದಿದ್ದ ಅಮೀರ್ ಬಿ, "ಯಾ ಅಲ್ಲಾ," ಎಂದು ಬಾಯಿಗೆ ಸೆರಗು ಹಿಡಿದಳು.

ಮಹಾಲಿಂಗಯ್ಯ ಕುತ್ತಿಗೆ ಕೆರೆದುಕೊಂಡ. "ಅಲ್ಲ ಸಾಬ್ರೇ, ಊರೋರ್ದೆಲ್ಲ ಅಳತೆ ತಗಂಡು ಮಾಡೋರು, ಮನೆ ಸೊಸೇದು ತಗಳ್ಲಿಲ್ವಾ?"

"ಸೊಸೇನ ಕರ್ದು, ಬಾ ಕೂತ್ಕೊ, ಕಾಲು ಚಾಚು, ನೋಡ್ತೀನಿ ಅನ್ನಕ್ಕಾಯ್ತದಾ?" ಎಂದರು ಸಾಬರು, ತಲೆಯೆತ್ತದೆ. "ಹೆಂಗಸ್ರ ಅಳತೆ ತಾನೇ ಅಂತ ಇವ್ಳನ್ನ ಕೂರ್ಸಿ ತಗಂಡೆ."

ಎಲ್ಲರ ಕಣ್ಣೂ ಅಮೀರ್ ಬಿಯ ಕಡೆ ತಿರುಗಿತು. ಮಗನಿಗೆ ಎತ್ತರ ಬಂದಿದ್ದು ಅವಳಿಂದಲೇ. ಪಕ್ಕದಲ್ಲಿ ನಿಂತ ಸೊಸೆ ಅವಳ ಭುಜಕ್ಕೂ ಬರುತ್ತಿರಲಿಲ್ಲ. ಜೊತೆಗಿದ್ದ ಡ್ರೈವರುಗಳಲ್ಲೊಬ್ಬ ಕಿಸಕ್ಕನೆ ನಕ್ಕ, ಆಮೇಲೆ ಮಹಾಲಿಂಗಯ್ಯನಿಗೂ ತಡೆಯಲಾಗಲಿಲ್ಲ. "ನಂಗೇನು ಗೊತ್ತು? ಕೂತ್ಕೊ ಅಂದ್ರು, ಕೂತೆ. ನಂಗಂತೂ ಭಾಳ ಚೆನ್ನಾಗಿತ್ತು!" ಎಂದಳು ಅಮೀರ್ ಬಿ.

"ಸರಿ ಬುಡಿ," ಎಂದ ಮಹಾಲಿಂಗಯ್ಯ ಕಣ್ಣೊರೆಸಿಕೊಳ್ಳುತ್ತ. "ನನ್ನ ಸೀಟು ಇಲ್ಲೇ ಇರ್ತದೆ. ಆದ್ರೆ ಅಳತೆಗೆ ನನ್ನ ಹೆಂಡ್ರುನ್ನ ಕೂರಿಸ್ಬ್ಯಾಡಿ ಮತ್ತೆ!" ಅವನು ಟೆಂಪೋದಿಂದ ಸೀಟು ಇಳಿಸಿ ಶೆಡ್ಡಿನ ನಡುವೆ ತಂದಿಟ್ಟ. ರೇಣುಕಯ್ಯನಿಗೆ ತಾನೇ ಫೋನ್ ಮಾಡಿ ಹೇಳುತ್ತೇನೆ, ಪಾವಗಡದವರ ಬಾಯಿ ತಾನೇ ಮುಚ್ಚಿಸುತ್ತೇನೆ ಎಂದೂ ಅಂದ.

ಸಾಬರು ನಗಲಿಲ್ಲ. ಹೊರಗೆ ನಿಂತಿದ್ದ ಕಾರಿನ ಹತ್ತಿರ ಹೋಗಿ ಬಾಗಿಲು ತೆಗೆದರು. ರೇಣುಕಯ್ಯ ಮಾಡಿದ ಸೀಟನ್ನು ಅವರು ಮುಟ್ಟಿದ್ದು ಅದೇ ಮೊದಲು. ಅಂಗೈಯಿಂದ ಒತ್ತಿದರು, ಹೊಲಿಗೆಯ ಮೇಲೆ ಬೆರಳಾಡಿಸಿದರು. "ಚೆನ್ನಾಗಿ ಮಾಡವ್ನೆ," ಎಂದರು. ಆಮೇಲೆ, "ಬೇಟಿ, ಇಲ್ಲಿ ಬಾ. ಕೂತ್ಕೊ," ಎಂದರು.

ತರನ್ನುಮ್ ಕೂತಳು. ಹಿಟ್ಟಿನ ಕೈ ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡಳು.

"ಕ್ಲಚ್ ತುಳಿ."

ತುಳಿದಳು. ಸಾಬರು ಬಗ್ಗಿ ಅವಳ ಪಾದ ನೋಡಿದರು, ಮಂಡಿ ನೋಡಿದರು. ಇಷ್ಟು ವರ್ಷಗಳಲ್ಲಿ ಅವರು ಅವಳನ್ನು ನೇರವಾಗಿ ನೋಡಿದ್ದು ಇಲ್ಲವೇ ಇಲ್ಲ.

"ಹಿಂದಕ್ಕೆ ಒರಗು. ಕೈ ಚಾಚು ಈಗ. ಹೂಂ. ನಾನ್ ಮಾಡಿದ್ರಲ್ಲಿ ಎಲ್ಲಿ ಒತ್ತುತಿತ್ತು?"

"ಮಂಡಿ ಹಿಂದೆ, ಅಬ್ಬಾ. ಬೆನ್ನೂ ಮುಂದಕ್ಕೆ ತಳ್ಳೋದು."

"ಯಾವಾಗಿಂದ?"

ಸುಳ್ಳು ಹೇಳಲು ಇನ್ನು ಜಾಗವಿರಲಿಲ್ಲ. "ಮೊದಲನೇ ದಿನದಿಂದ."

ಸಾಬರು ತಲೆಯಾಡಿಸಿದರು. ಬೀದಿಯವರೆಲ್ಲ ನೆರೆದಿದ್ದ ಆ ಸಂಜೆಯನ್ನು ಅವರು ನೆನೆಸಿಕೊಳ್ಳುತ್ತಿದ್ದಾರೆಂದು ಅವಳಿಗೆ ಗೊತ್ತಾಯಿತು. ಅವರ ಕಣ್ಣಂಚು ಕೆಂಪಾಗಿತ್ತು. "ಎಲ್ರ ಮುಂದೆ ಕೇಳ್ಬಾರ್ದಿತ್ತು ನಾನು," ಎಂದರು ತಮಗೇ ಹೇಳಿಕೊಂಡ ಹಾಗೆ. ಬಾಗಿಲನ್ನು ಸದ್ದಾಗದಂತೆ ಮುಚ್ಚಿ ಶೆಡ್ಡಿನ ಕಡೆ ತಿರುಗಿದರು. "ಮಹಾಲಿಂಗಯ್ಯ, ಆ ಸ್ಟೂಲ್ ಮೇಲೆ ಸೀಟಿಟ್ಟು ನೀನೂ ಕೂತ್ಕೊ. ಎಲ್ಲಿ ಒತ್ತುತದೆ, ಎಲ್ಲಿ ಕುಸೀತದೆ, ಬಾಯ್ಬಿಟ್ಟು ಹೇಳು. ಚೆನ್ನಾಗೈತೆ ಅನ್ನೋ ಮಾತು ಬ್ಯಾಡ."

ಒಳಗೆ ಮಹಾಲಿಂಗಯ್ಯ ಏನೋ ತಮಾಷೆ ಮಾಡಿದ, ಮೆಷಿನ್ನಿನ ಚಕ್ರ ತಿರುಗಿತು. ತರನ್ನುಮ್ ಕಾರಿನೊಳಗೇ ಇದ್ದಳು. ಬೆನ್ನು ಒರಗಿತ್ತು, ಹಿಮ್ಮಡಿ ನೆಲದ ಮೇಲಿತ್ತು, ಎಲ್ಲಿಯೂ ಒತ್ತುತ್ತಿರಲಿಲ್ಲ. ಇಳಿದು ಅವರ ಮುಂದೆ ಹಾದು ಅಡುಗೆಮನೆಗೆ ಹೋಗುವುದು ಹೇಗೆಂದು ತಿಳಿಯದೆ ಅವಳು ಅಲ್ಲೇ ಕೂತಿದ್ದಳು.